ಮಲೆನಾಡಿಗೊಂದು ಮಾಸ್ಟೊಡಾನ್ ಸರ್ವರ್: ನೂರು ಜನ ಸಾವಿರವಾದಾಗ ಏನು ಕೈಕೊಡುತ್ತದೆ, ಹೇಗೆ ಸಂಭಾಳಿಸುವುದು

ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು 1024 ಜನಕ್ಕೆ ಭರ್ತಿಯಾಗುತ್ತದೆ. ‘ಗುಂಪು 2’ ಹುಟ್ಟುತ್ತದೆ. ಎರಡರಲ್ಲೂ ಅದದೇ ಫಾರ್ವರ್ಡ್. ಹೋದ ಮಳೆಗಾಲದಲ್ಲಿ ಎಲೆಚುಕ್ಕಿ ರೋಗದ ಬಗ್ಗೆ ಯಾರೋ ಚೆನ್ನಾಗಿ ಬರೆದದ್ದನ್ನು ಈಗ ಹುಡುಕಿದರೆ ಸಿಗುವುದಿಲ್ಲ. ಆಗ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕಂಪ್ಯೂಟರ್ ಬಲ್ಲ ಒಬ್ಬರು ‘ನಮ್ಮದೇ ಸರ್ವರ್ ಹಾಕಿಬಿಡೋಣ’ ಎನ್ನುತ್ತಾರೆ. ಹಾಕುವುದು ಒಂದು ಭಾನುವಾರದ ಕೆಲಸ. ಅದು ಜನಕ್ಕೆ ಹಿಡಿಸಿದ ಮೇಲೆ ಶುರುವಾಗುವ ಕಷ್ಟಗಳಿಗಾಗಿ ಈ ಮಾರ್ಗದರ್ಶಿ.

ಮಾಸ್ಟೊಡಾನ್ ಟ್ವಿಟರ್‌ನಂಥ ಜಾಲತಾಣ ನಡೆಸಲು 2016ರಲ್ಲಿ ಬಂದ ಮುಕ್ತ ತಂತ್ರಾಂಶ. ಇದರಲ್ಲಿ ಒಬ್ಬನೇ ಯಜಮಾನ ಇಲ್ಲ, ಸಾವಿರಾರು ಸರ್ವರ್‌ಗಳಿವೆ. ಅಡಿಕೆ ಸುಲಿಯಲು ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳು ಹೋಗುವಂತೆ ಅವು ಒಂದರ ಪೋಸ್ಟನ್ನು ಇನ್ನೊಂದಕ್ಕೆ ಮುಟ್ಟಿಸುತ್ತವೆ. ಆ ಕೊಡು-ಕೊಳ್ಳುವಿಕೆಯ ನಿಯಮವೇ ಆಕ್ಟಿವಿಟಿಪಬ್. ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯುತ್ರೀಸಿ ಅದನ್ನು 2018ರ ಜನವರಿಯಲ್ಲಿ ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಮುಯ್ಯಾಳಿಗೆ ಲೆಕ್ಕ ಇದೆಯಲ್ಲ, ಇಲ್ಲಿಯೂ ಇದೆ. ನಿಮ್ಮ ಸದಸ್ಯರು ಹೊರಗಿನ ಎಷ್ಟು ಜನರನ್ನು ಹಿಂಬಾಲಿಸುತ್ತಾರೋ ಅಷ್ಟು ಹೊರೆ ನಿಮ್ಮ ಅಂಗಳಕ್ಕೆ ಬಂದು ಬೀಳುತ್ತದೆ. ಆದ್ದರಿಂದ ಐವತ್ತು ಚುರುಕು ಸದಸ್ಯರ ಸರ್ವರ್ ಐನೂರು ಮೌನಿಗಳ ಸರ್ವರ್‌ಗಿಂತ ಹೆಚ್ಚು ಏದುಸಿರು ಬಿಡುವುದುಂಟು.

ಮನೆಯಲ್ಲಿ ಇಡಬೇಡಿ

ಮನೆಯ ಮೂಲೆಯಲ್ಲಿ ಹಳೇ ಕಂಪ್ಯೂಟರ್ ಇದೆ, ಫೈಬರ್ ಇದೆ, ಇನ್ವರ್ಟರ್ ಇದೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಎರಡು ದಿನ ಬರದಿರುವ ಊರು ನಮ್ಮದು. ನಿಮ್ಮ ಇನ್ವರ್ಟರ್ ತಡೆದುಕೊಂಡರೂ, ಮುಂದಿನ ಕಂಬದ ಫೈಬರ್ ತುಂಡಾಗಿರುತ್ತದೆ, ಇಲ್ಲವೇ ಎಕ್ಸ್‌ಚೇಂಜ್‌ನ ಬ್ಯಾಟರಿ ಕೈಕೊಟ್ಟಿರುತ್ತದೆ. ಸಾಲದ್ದಕ್ಕೆ ಮನೆ ಸಂಪರ್ಕಗಳಿಗೆ ಹಲವು ಕಂಪನಿಗಳು ಸ್ವಂತ ಸಾರ್ವಜನಿಕ ಐಪಿ ವಿಳಾಸ ಕೊಡುವುದಿಲ್ಲ. ನೂರಾರು ಮನೆಗಳಿಗೆ ಒಂದೇ ವಿಳಾಸ, ಹೊರಗಿನವರು ನಿಮ್ಮ ಯಂತ್ರವನ್ನೇ ಹುಡುಕಿ ತಲುಪುವುದು ಹೇಗೆ?

ಸರ್ವರ್ ಒಂದು ದಿನ ನಿಂತರೆ ದೊಡ್ಡ ಅನಾಹುತವಿಲ್ಲ, ಹೊರಗಿನವು ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಆದರೆ ಏಳು ದಿನ ತಲುಪಿಸಲಾಗದಿದ್ದರೆ ಮಾಸ್ಟೊಡಾನ್ ನಿಮ್ಮನ್ನು ‘ಸಿಗದವರು’ ಎಂದು ಗುರುತು ಹಾಕಿ ಕಳಿಸುವುದನ್ನೇ ನಿಲ್ಲಿಸುತ್ತದೆ. ನೀವು ಮತ್ತೆ ಎದ್ದು ಅವರಿಗೆ ಏನಾದರೂ ಕಳಿಸಿದಾಗ ಆ ಗುರುತು ಅಳಿಯುತ್ತದೆ ನಿಜ, ನಡುವೆ ತಪ್ಪಿಹೋದ ಪೋಸ್ಟ್‌ಗಳು ತಾವಾಗಿ ಬರುವುದಿಲ್ಲ. ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರ್‌ನಲ್ಲಿ ಬಾಡಿಗೆ ಯಂತ್ರ ತೆಗೆದುಕೊಳ್ಳಿ: 2 ಪ್ರೊಸೆಸರ್, 4 ಜಿಬಿ ರ‍್ಯಾಮ್, 80 ಜಿಬಿ ಡಿಸ್ಕ್. 2 ಜಿಬಿಯಲ್ಲಿಯೂ ಓಡುತ್ತದೆ, ಆದರೆ ಹೊಸ ಆವೃತ್ತಿ ಹಾಕುವಾಗ ಮೆಮೊರಿ ಸಾಲದೆ ಅರ್ಧಕ್ಕೆ ಸಾಯುತ್ತದೆ.

ಯಂತ್ರ ಮುಂಬೈಯಲ್ಲಿದ್ದರೂ ನೀವು ಇರುವುದು ಮಲೆನಾಡಿನಲ್ಲೇ ತಾನೆ? ಅಪ್‌ಗ್ರೇಡ್ ಮಾಡುವಾಗ ಡೇಟಾಬೇಸ್ ಬದಲಾವಣೆ ನಡೆಯುತ್ತಿರುತ್ತದೆ, ಅಷ್ಟರಲ್ಲಿ ನೆಟ್ ಹೋಗುತ್ತದೆ, ಅದರ ಜೊತೆಗೆ ನಡುವಿನ ಕೆಲಸವೂ ಹೋಗುತ್ತದೆ. ಅದಕ್ಕೇ ಯಾವಾಗಲೂ ಸರ್ವರ್‌ನಲ್ಲೇ ಓಡುವ ಟೀಮಕ್ಸ್ ಎಂಬ ಸಾಧನದ ಒಳಗೆ ಕೂತು ಕೆಲಸ ಮಾಡಿ. ಸಂಪರ್ಕ ಕಡಿದರೂ ಆ ಕಡೆ ಕೆಲಸ ನಿಲ್ಲುವುದಿಲ್ಲ. ಮತ್ತೆ ಒಳಹೋದರೆ ಬಿಟ್ಟ ಜಾಗದಲ್ಲೇ ಇರುತ್ತೀರಿ.

ಹೆಸರು ಒಮ್ಮೆ ಇಟ್ಟರೆ ಇಟ್ಟಂತೆ

ಡೊಮೈನ್ ಹೆಸರನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಪ್ರತಿ ಸದಸ್ಯರ ಗುರುತು ಹೊರಗಿನ ಎಲ್ಲ ಸರ್ವರ್‌ಗಳಲ್ಲೂ ಆ ಹೆಸರಿನಲ್ಲೇ ಕೂತಿರುತ್ತದೆ. ಚೆಂದ ಕಾಣುತ್ತದೆಂದೋ ಪುಕ್ಕಟೆ ಸಿಗುತ್ತದೆಂದೋ ಬೇರೆ ದೇಶದ ಕೊನೆಯಕ್ಷರಗಳ ಹಿಂದೆ ಹೋಗಬೇಡಿ. 2023ರ ಜುಲೈನಲ್ಲಿ ಮಾಲಿ ದೇಶದ ‘ಡಾಟ್ ಎಂಎಲ್’ ಹೆಸರು ನೆಚ್ಚಿಕೊಂಡಿದ್ದ ಒಂದು ದೊಡ್ಡ ಲೆಮ್ಮಿ (ರೆಡಿಟ್‌ನಂಥ ಮುಕ್ತ ಚರ್ಚಾತಾಣ) ಸಮುದಾಯ, 2024ರ ಫೆಬ್ರುವರಿಯಲ್ಲಿ ಅಫ್ಘಾನಿಸ್ತಾನದ ‘ಡಾಟ್ ಎಎಫ್’ ಹೆಸರಿನ ಒಂದು ಮಾಸ್ಟೊಡಾನ್ ಸರ್ವರ್, ಎರಡೂ ಹೆಸರು ಕಳೆದುಕೊಂಡು ಬೀದಿಗೆ ಬಿದ್ದವು. ‘ಡಾಟ್ ಇನ್’ ತೆಗೆದುಕೊಳ್ಳಿ, ಐದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ. ಕಾರ್ಡಿನಿಂದ ತಾನಾಗಿ ನವೀಕರಣ ಆಗುತ್ತದೆಂದು ನಂಬಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾದ ಮೇಲೆ ವಿದೇಶಿ ಕಂಪನಿಗಳ ತಾನಾಗಿ ಕಡಿತವಾಗುವ ಪಾವತಿಗಳು ಸದ್ದಿಲ್ಲದೆ ವಿಫಲವಾಗುವುದುಂಟು, ಇಮೇಲ್ ಸ್ಪ್ಯಾಮ್‌ಗೆ ಹೋಗಿರುತ್ತದೆ.

ಬೀಗದ ಕೈ ಇಬ್ಬರಲ್ಲಿರಲಿ

ಇಂಥ ಸರ್ವರ್‌ಗಳನ್ನು ಮುಚ್ಚಿಸಿದ್ದು ಜನಜಂಗುಳಿಗಿಂತ ಹೆಚ್ಚಾಗಿ ಒಬ್ಬನೇ ಅಡ್ಮಿನ್‌ನ ಸುಸ್ತು. ಮಾಸ್ಟೊಡಾನ್‌ನ ಅಧಿಕೃತ ಪಟ್ಟಿಗೆ ಸೇರಬೇಕಾದರೆ ಒಪ್ಪಬೇಕಾದ ಕರಾರಿನಲ್ಲೂ ಇದೇ ಇದೆ: ದಿನವೂ ಬ್ಯಾಕಪ್, ತುರ್ತಿಗೆ ಒಳಹೋಗಬಲ್ಲ ಇನ್ನೊಬ್ಬ ವ್ಯಕ್ತಿ, ಮುಚ್ಚುವುದಾದರೆ ಮೂರು ತಿಂಗಳ ಮುನ್ಸೂಚನೆ. ಇಬ್ಬರಲ್ಲಿ ಒಬ್ಬರು ಶಿವಮೊಗ್ಗದಲ್ಲಿದ್ದರೆ ಇನ್ನೊಬ್ಬರು ಘಟ್ಟದ ಆಚೆಗೋ ಬೆಂಗಳೂರಿನಲ್ಲೋ ಇರಲಿ. ಒಂದೇ ಮಳೆಗೆ ಇಬ್ಬರೂ ಕತ್ತಲಲ್ಲಿ ಕೂರಬಾರದು.

ಇಬ್ಬರ ಬಳಿಯೂ ಇರಬೇಕಾದ್ದು ಡೊಮೈನ್ ಖಾತೆ, ಬಾಡಿಗೆ ಯಂತ್ರದ ಖಾತೆ, ಇಮೇಲ್ ಸೇವೆಯ ಖಾತೆ ಮತ್ತು ಸರ್ವರ್‌ನ ಒಳಕೀಲಿ. ಬ್ಯಾಕಪ್ ಎಂದರೆ ಮೂರು ವಸ್ತು: ಪೋಸ್ಟ್‌ಗ್ರೆಸ್ ಡೇಟಾಬೇಸ್, ಸದಸ್ಯರು ಏರಿಸಿದ ಚಿತ್ರಗಳು, ಮತ್ತು ರಹಸ್ಯ ಕೀಲಿಗಳಿರುವ ‘ಎನ್ವ್ ಪ್ರೊಡಕ್ಷನ್’ ಕಡತ. ಮೂರನೆಯದನ್ನು ಮರೆಯುವವರೇ ಜಾಸ್ತಿ. ಅದು ಹೋದರೆ ಡೇಟಾಬೇಸ್ ಮರಳಿದರೂ ಎರಡು ಹಂತದ ಲಾಗಿನ್ ಇಟ್ಟುಕೊಂಡ ಸದಸ್ಯರು ಹೊರಗೇ ಉಳಿಯುತ್ತಾರೆ. ಇನ್ನು ಡೇಟಾಬೇಸೇ ಹೋದರೆ ಪೋಸ್ಟ್‌ಗಳ ಜೊತೆಗೆ ಪ್ರತಿ ಸದಸ್ಯರ ಸಹಿ ಹಾಕುವ ಕೀಲಿಯೂ ಹೋಯಿತು. ಅದೇ ಹೆಸರಲ್ಲಿ ಹೊಸದಾಗಿ ಶುರು ಮಾಡಿದರೂ ಹಳೆಯ ಸ್ನೇಹಿತ ಸರ್ವರ್‌ಗಳು ನಿಮ್ಮನ್ನು ಸಂಶಯದಿಂದ ನೋಡುತ್ತವೆ. ಬ್ಯಾಕಪ್ ಅದೇ ಕಂಪನಿಯ ಅದೇ ಖಾತೆಯಲ್ಲಿ ಬೇಡ. ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಬಿಚ್ಚಿ ನೋಡಿ. ಆದರೆ ಆ ಪರೀಕ್ಷಾ ಯಂತ್ರದಲ್ಲಿ ಸಂದೇಶ ಮುಟ್ಟಿಸುವ ಹಿನ್ನೆಲೆ ಸೇವೆ ಸೈಡ್‌ಕಿಕ್ ಓಡಿಸಬೇಡಿ, ಅದು ನಿಜವಾದ ಸರ್ವರ್ ಎಂದೇ ಭಾವಿಸಿ ಹೊರಗೆ ಸಂದೇಶ ಕಳಿಸತೊಡಗುತ್ತದೆ.

ಬಾಗಿಲು ಎಷ್ಟು ತೆರೆಯಬೇಕು

ಜನ ಹನಿಹನಿಯಾಗಿ ಬರುವುದಿಲ್ಲ, ಹೊಳೆಯ ಹಾಗೆ ನುಗ್ಗುತ್ತಾರೆ. 2019ರ ನವೆಂಬರ್‌ನಲ್ಲಿ ಟ್ವಿಟರ್ ಮೇಲಿನ ಸಿಟ್ಟಿಗೆ ಭಾರತೀಯರ ಒಂದು ದೊಡ್ಡ ಅಲೆ ಮಾಸ್ಟೊಡಾನ್‌ಗೆ ಬಂತು. 2022ರ ಅಕ್ಟೋಬರ್ 27ರಂದು ಟ್ವಿಟರ್ ಕೈಬದಲಾದ ಮೇಲೆ ಬಂದದ್ದು ಅದಕ್ಕಿಂತ ಎಷ್ಟೋ ದೊಡ್ಡದು. ರೆಡಿಟ್ ಗಲಾಟೆಯ 2023ರ ಜೂನ್‌ನಲ್ಲಿ ಲೆಮ್ಮಿಗೆ ಅದೇ ಆಯಿತು. ನಿಮ್ಮಲ್ಲಿ ಅಡಿಕೆ ದರ ಬಿದ್ದ ದಿನವೋ ನೆರೆ ಬಂದ ವಾರವೋ ಇದು ಆಗಬಹುದು.

ನೋಂದಣಿಗೆ ಮೂರು ಆಯ್ಕೆ: ಪೂರ್ತಿ ತೆರೆದಿಡುವುದು, ಅರ್ಜಿ ನೋಡಿ ಒಪ್ಪುವುದು, ಮುಚ್ಚಿಡುವುದು. ಪೂರ್ತಿ ತೆರೆದಿಡುವುದು ಸಣ್ಣ ಸರ್ವರ್‌ಗೆ ಸಲ್ಲದು. 2024ರ ಫೆಬ್ರುವರಿಯ ಸ್ಪ್ಯಾಮ್ ದಾಳಿಯಲ್ಲಿ ಬಳಕೆಯಾದದ್ದು ಬಾಗಿಲು ತೆರೆದಿಟ್ಟು ಯಾರೂ ಕಾಯದಿದ್ದ ಇಂಥ ಸಣ್ಣ ಸರ್ವರ್‌ಗಳೇ. ಅದರ ನಂತರ, ಒಂದು ವಾರ ದೂರು-ಜಗಳ ನೋಡಿಕೊಳ್ಳುವ ಯಾವ ಮಾಡರೇಟರೂ ಇಣುಕದಿದ್ದರೆ ಮಾಸ್ಟೊಡಾನ್ ತಾನಾಗಿಯೇ ‘ಅರ್ಜಿ ನೋಡಿ ಒಪ್ಪುವುದು’ ಎಂಬುದಕ್ಕೆ ಬದಲಾಗುವಂತೆ ಮಾಡಿದರು.

ನಮ್ಮ ಸಲಹೆ ಆಹ್ವಾನದ ಕೊಂಡಿ. ಒಬ್ಬ ಸದಸ್ಯರಿಗೆ 10 ಜನರ ಮಿತಿ, ಒಂದು ವಾರದ ಗಡುವು. ಹೊಸನಗರದವರೊಬ್ಬರು ಹತ್ತು ಜನರನ್ನು ಕರೆತಂದರೆ, ಯಾರು ಯಾರ ಕಡೆಯವರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ವಾರಕ್ಕೆ 50ಕ್ಕಿಂತ ಹೆಚ್ಚು ಹೊಸಬರು ಬೇಡ. ತಾಂತ್ರಿಕ ಕಾರಣಕ್ಕಲ್ಲ, ಹಳಬರು ಹೊಸಬರಿಗೆ ಇಲ್ಲಿನ ರೀತಿ ಹೇಳಿಕೊಡಲು ಪುರಸೊತ್ತು ಬೇಕು.

ಒಂದು ಸಣ್ಣ ವಿಷಯ: ನೋಂದಣಿ ಖಚಿತಪಡಿಸುವ ಇಮೇಲ್ ಬಾರದೆ ಎಷ್ಟೋ ಜನ ಅಲ್ಲೇ ನಿಲ್ಲುತ್ತಾರೆ. ಬಾಡಿಗೆ ಯಂತ್ರಗಳಲ್ಲಿ ಇಮೇಲ್ ಹೊರಹೋಗುವ ದಾರಿ, ಪೋರ್ಟ್ 25, ಸಾಮಾನ್ಯವಾಗಿ ಮುಚ್ಚಿರುತ್ತದೆ. ಇಮೇಲ್ ಕಳಿಸುವ ಸೇವೆಯೊಂದನ್ನು ಬಳಸಿ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಹೀಗೆ ಇಮೇಲ್ ನಿಮ್ಮದೇ ಎಂದು ತೋರಿಸುವ ಮೂರೂ ದಾಖಲೆ ಡೊಮೈನ್‌ಗೆ ಹಾಕಿ, ಸಾಮಾನ್ಯ ಜೀಮೇಲ್ ಖಾತೆಗೆ ಕಳಿಸಿ ನೋಡಿದ ಮೇಲೆಯೇ ಕೊಂಡಿ ಹಂಚಿ.

‘ಪೋಸ್ಟ್ ಹಾಕಿದೆ, ಯಾರಿಗೂ ಕಾಣ್ತಾ ಇಲ್ಲ’

ಬೆಳವಣಿಗೆಯ ಮೊದಲ ನೋವು ಈ ದೂರಿನ ರೂಪದಲ್ಲಿ ಬರುತ್ತದೆ. ನಿಮ್ಮ ಸದಸ್ಯೆಯೊಬ್ಬರಿಗೆ 800 ಸರ್ವರ್‌ಗಳಲ್ಲಿ ಹಿಂಬಾಲಕರಿದ್ದಾರೆಂದರೆ ಅವರ ಒಂದು ಪೋಸ್ಟಿಗೆ 800 ಬಾರಿ ಮುಟ್ಟಿಸುವ ಕೆಲಸ ಹುಟ್ಟುತ್ತದೆ. ಇದನ್ನೆಲ್ಲ ಹಿಂದೆ ನಿಂತು ಮಾಡುವುದು ಸೈಡ್‌ಕಿಕ್. ಅದರಲ್ಲಿ ಸಾಲುಗಳಿವೆ: ‘ಡಿಫಾಲ್ಟ್’ ನಿಮ್ಮವರ ಕೆಲಸ, ‘ಇನ್‌ಗ್ರೆಸ್’ ಹೊರಗಿನಿಂದ ಬಂದದ್ದು, ‘ಪುಶ್’ ಹೊರಗೆ ಹೋಗುವುದು, ‘ಪುಲ್’ ಆಮೇಲೆ ಮಾಡಿದರೂ ನಡೆಯುವಂಥದ್ದು, ‘ಮೇಲರ್ಸ್’ ಇಮೇಲ್, ‘ಶೆಡ್ಯೂಲರ್’ ಹೊತ್ತು ಗೊತ್ತಿನ ಕೆಲಸ.

ಸಾಲಿನ ಉದ್ದ ನೋಡಿ ಗಾಬರಿಯಾಗಬೇಡಿ. ಸಾಲಿನ ತಲೆಯಲ್ಲಿರುವ ಕೆಲಸ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದನ್ನು ನೋಡಿ. ಡಿಫಾಲ್ಟ್ ಒಂದು ನಿಮಿಷ ದಾಟಿದರೆ ಜನಕ್ಕೆ ಗೊತ್ತಾಗುತ್ತದೆ. ಪುಶ್ ಐದು ನಿಮಿಷ ತಡವಾದರೂ ಯಾರೂ ಕೇಳುವುದಿಲ್ಲ. ಪುಲ್ ಗಂಟೆಗಟ್ಟಲೆ ಕಾಯಲಿ ಬಿಡಿ.

ಎಲ್ಲರೂ ಮಾಡುವ ತಪ್ಪು ಇಲ್ಲಿದೆ. ಸಾಲು ಕಟ್ಟಿತೆಂದು ಸೈಡ್‌ಕಿಕ್‌ಗಳನ್ನು ಸೇರಿಸುತ್ತ ಹೋಗುತ್ತಾರೆ. ಲೆಕ್ಕ ಹಾಕಿ ನೋಡಿ. ಮಾಮೂಲಿ ಸೈಡ್‌ಕಿಕ್ ಸೇವೆಗೆ 25 ಎಳೆಗಳು (ಒಟ್ಟಿಗೆ ಕೆಲಸ ಮಾಡುವ ಕೈಗಳು), ಎಂದರೆ ಡೇಟಾಬೇಸ್‌ಗೆ 25 ಸಂಪರ್ಕ. ವೆಬ್ ಪುಟಗಳನ್ನು ಕೊಡುವ ಪ್ಯೂಮಾ 2 ಪ್ರಕ್ರಿಯೆ, ತಲಾ 5 ಎಳೆ, ಒಟ್ಟು 10. ಹೊಸ ಪೋಸ್ಟನ್ನು ಕೂಡಲೇ ತೋರಿಸುವ ಸ್ಟ್ರೀಮಿಂಗ್‌ಗೆ ಇನ್ನೊಂದು 10. ಅಲ್ಲಿಗೆ 45. ಇನ್ನೆರಡು ಸೈಡ್‌ಕಿಕ್ ಸೇರಿಸಿದಿರಿ: 95. ಪೋಸ್ಟ್‌ಗ್ರೆಸ್ ಮಾಮೂಲಿಯಾಗಿ ಬಿಡುವುದು 100 ಸಂಪರ್ಕ, ಅದರಲ್ಲೂ 3 ತನ್ನ ಮುಖ್ಯ ಬಳಕೆದಾರನಿಗೆ ಮೀಸಲು. ಉಳಿದದ್ದು 2. ರಾತ್ರಿ ಬ್ಯಾಕಪ್ ಶುರುವಾಗಿ, ಅದೇ ಹೊತ್ತಿಗೆ ನೀವು ಏನೋ ನೋಡಲು ಒಳಹೋದಿರಿ, ಮುಗಿಯಿತು. ಸೈಟು ಪೂರ್ತಿ ‘500’ ಎಂಬ ದೋಷ ತೋರಿಸುತ್ತದೆ. ವೇಗ ಹೆಚ್ಚಿಸಲು ಹೋಗಿ ಮನೆಗೇ ಬೀಗ ಬಿದ್ದ ಹಾಗೆ.

ಸರಿಯಾದ ಕ್ರಮ ಹೀಗೆ. ಮೊದಲು ಒಂದೇ ಸೈಡ್‌ಕಿಕ್‌ನ ಕೆಲಸವನ್ನು ಎರಡಾಗಿ ಒಡೆಯಿರಿ: ಡಿಫಾಲ್ಟ್, ಮೇಲರ್ಸ್, ಶೆಡ್ಯೂಲರ್ ಒಂದರಲ್ಲಿ, 10 ಎಳೆ, ಇನ್‌ಗ್ರೆಸ್, ಪುಶ್, ಪುಲ್ ಇನ್ನೊಂದರಲ್ಲಿ, 15 ಎಳೆ. ಒಟ್ಟು ಸಂಪರ್ಕ ಹೆಚ್ಚಲಿಲ್ಲ, ಆದರೆ ಹೊರಗಿನ ನೆರೆ ನಿಮ್ಮವರ ಕೆಲಸವನ್ನು ಮುಳುಗಿಸುವುದು ನಿಂತಿತು. ಪ್ರತಿ ಸೇವೆಯಲ್ಲೂ ‘ಡಿಬಿ ಪೂಲ್’ (ಡೇಟಾಬೇಸ್ ಸಂಪರ್ಕಗಳ) ಸಂಖ್ಯೆ ಅದರ ಎಳೆಗಳ ಸಂಖ್ಯೆಗೆ ಸಮ ಇರಲಿ. ಶೆಡ್ಯೂಲರ್ ಮಾತ್ರ ಯಾವ ಕಾರಣಕ್ಕೂ ಒಂದಕ್ಕಿಂತ ಹೆಚ್ಚು ಕಡೆ ಓಡಬಾರದು. ಇಷ್ಟಾಗಿಯೂ ಸಾಲದಿದ್ದರೆ ಪ್ರೊಸೆಸರ್ ಖಾಲಿ ಇದೆಯೇ ನೋಡಿ ಎಳೆ ಹೆಚ್ಚಿಸಿ. ಸಂಪರ್ಕ 80 ಮುಟ್ಟುವ ಮೊದಲು ನಡುವೆ, ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಕೂರಿಸಿ.

ಡಿಸ್ಕ್

ತುಂಬುವುದು ನಿಮ್ಮವರ ಚಿತ್ರಗಳಿಂದಲ್ಲ, ಹೊರಗಿನ ಚಿತ್ರಗಳ ನಕಲುಗಳಿಂದ. ಆಡಳಿತ ಪುಟದಲ್ಲಿ ಹೊರಗಿನ ಮಾಧ್ಯಮದ ಸಂಗ್ರಹಕ್ಕೆ 7 ದಿನದ ಗಡುವು ಹಾಕಿ. ಅದರ ಪಕ್ಕದಲ್ಲೇ ಹೊರಗಿನ ಪೋಸ್ಟ್‌ಗಳನ್ನೇ ಅಳಿಸುವ ಇನ್ನೊಂದು ಗಡುವು ಇದೆ, ಅದನ್ನು ಖಾಲಿ ಬಿಡಿ. ಹಾಕಿದರೆ ಸದಸ್ಯರು ಗುರುತು ಹಾಕಿಟ್ಟುಕೊಂಡ ಪೋಸ್ಟ್‌ಗಳೂ ಮಾಯ. ಮಾಸ್ಟೊಡಾನ್‌ನ ಆಡಳಿತ ಸಾಧನ ಟೂಟ್‌ಸಿಟಿಎಲ್‌ನಿಂದ ಹಳೆಯ ಕೊಂಡಿ-ಮುನ್ನೋಟದ ಚಿತ್ರಗಳನ್ನು ತಿಂಗಳಿಗೊಮ್ಮೆ ಗುಡಿಸಿ. ಫೀಡ್ ಖಾಲಿ ಕಾಣುತ್ತದೆಂದು, ಹಲವು ಸರ್ವರ್‌ಗಳ ಪೋಸ್ಟ್‌ಗಳನ್ನು ಒಟ್ಟಿಗೆ ಹರಿಸುವ ದೊಡ್ಡ ರಿಲೇಗೆ ಸೇರಬೇಡಿ. ಜಗತ್ತಿನ ಎಲ್ಲ ಮಾತು ಬಂದು ಸುರಿಯುತ್ತದೆ, ಅದರಲ್ಲಿ ಕನ್ನಡ ಎಷ್ಟಿರುತ್ತದೆ ಹೇಳಿ? ಡಿಸ್ಕ್ ಶೇ. 80 ಮುಟ್ಟಿದಾಗ ಸಂದೇಶ ಬರುವಂತೆ ಮಾಡಿಡಿ. ನೂರಾದರೆ ಪೋಸ್ಟ್‌ಗ್ರೆಸ್ ಬರೆಯುವುದನ್ನೇ ನಿಲ್ಲಿಸುತ್ತದೆ.

ಅಡಿಕೆಯೋ ಅಡಕೆಯೋ

ಮಾಸ್ಟೊಡಾನ್‌ನಲ್ಲಿ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕು ತಂತ್ರಾಂಶ ಜೋಡಿಸದಿದ್ದರೆ ಪೋಸ್ಟ್‌ಗಳ ಒಳಗಿನ ಪದ ಹುಡುಕಲು ಬರುವುದಿಲ್ಲ. ಅದನ್ನು ಜೋಡಿಸಲು ಹೆಚ್ಚಿನ ಮೆಮೊರಿ ಬೇಕು. ಹಾಗಾಗಿ ಸಣ್ಣ ಸರ್ವರ್‌ನಲ್ಲಿ ಹುಡುಕಾಟ ಎಂದರೆ ಹ್ಯಾಶ್‌ಟ್ಯಾಗ್. ವಾಟ್ಸಾಪ್ ಬಿಟ್ಟು ಬಂದವರ ಮುಖ್ಯ ಆಸೆಯೇ ಹಳೆಯದು ಸಿಗಬೇಕೆಂಬುದಲ್ಲವೇ?

ಇಲ್ಲೇ ಎಡವುವುದು. #ಅಡಿಕೆ ಬೇರೆ, #ಅಡಕೆ ಬೇರೆ. ತೀರ್ಥಹಳ್ಳಿಯ ಕಡೆಯವರು ಒಂದು ಬರೆದರೆ ಸೊರಬದವರು ಇನ್ನೊಂದು, ಪತ್ರಿಕೆ ಓದಿದವರು ಮತ್ತೊಂದು. #ಕೊಳೆರೋಗ, #ಕೊಳೆ_ರೋಗ, #ಕೊಳೆ, ಮೂರು ಮೂಲೆಯಲ್ಲಿ ಮೂರು ರಾಶಿ. ಇನ್ನು #ಮಾರ್ಕೆಟ್‌ದರ ತರಹದ ಪದಗಳಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದು ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯುತ್ತದೆ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಅರ್ಕಾವತ್ತಿಲ್ಲದೆ ಬರೆಯುವ ‘ರ‍್ಯಾ’ ಕಥೆಯೂ ಇದೇ.

ಆದ್ದರಿಂದ ಶುರುವಿನ ವಾರದಲ್ಲೇ ಹದಿನೈದು ಟ್ಯಾಗ್‌ಗಳ ಪಟ್ಟಿ ಮಾಡಿ, ಸರ್ವರ್‌ನ ಪರಿಚಯ ಪುಟದಲ್ಲಿ ಅಂಟಿಸಿ. ಸಣ್ಣ ಪದ, ಅಡಿಗೆರೆ ಇಲ್ಲ, ಅರ್ಧಾಕ್ಷರದ ತಕರಾರಿಲ್ಲ: #ಅಡಿಕೆ, #ಮಳೆ, #ಕೊಳೆ, #ಎಲೆಚುಕ್ಕಿ, #ಕಾಳುಮೆಣಸು, #ತಾಳಮದ್ದಳೆ. ಎರಡು ಬೇರೆ ಫೋನುಗಳಲ್ಲಿ ಟೈಪ್ ಮಾಡಿ ಒಂದೇ ಪುಟಕ್ಕೆ ಹೋಗುತ್ತದೆಯೇ ಪರೀಕ್ಷಿಸಿ. ತಪ್ಪು ಟ್ಯಾಗ್ ಹಾಕಿದವರಿಗೆ ಗದರಬೇಡಿ; ಸರಿಯಾದ ಟ್ಯಾಗ್ ಹಾಕಿ ಕೆಳಗೊಂದು ಉತ್ತರ ಬರೆದರೆ ಸಾಕು. ಪೋಸ್ಟಿನ ಭಾಷೆ ‘ಕನ್ನಡ’ ಎಂದು ಆರಿಸಿಡುವುದನ್ನೂ ಹೇಳಿಕೊಡಿ. ಬಹಳ ಜನರದ್ದು ಇಂಗ್ಲಿಷ್ ಎಂದೇ ಉಳಿದಿರುತ್ತದೆ, ಭಾಷೆ ಸೋಸಿ ನೋಡುವವರಿಗೆ ಅವರು ಕಾಣುವುದೇ ಇಲ್ಲ.

ಉತ್ತರಗಳ ವಿಚಾರ: ಬೇರೆ ಸರ್ವರ್‌ನ ಪೋಸ್ಟಿಗೆ ಬಂದ ಎಲ್ಲ ಉತ್ತರವೂ ನಿಮ್ಮಲ್ಲಿ ಕಾಣಬೇಕೆಂದಿಲ್ಲ. ಕೊಳೆರೋಗಕ್ಕೆ ಹೊಡೆಯುವ ದ್ರಾವಣದ ಬಗ್ಗೆ ‘ಬೋರ್ಡೋ ಹೇಗೆ ಮಾಡೋದು?’ ಎಂದು ಕೇಳಿದವರಿಗೆ ಹತ್ತು ಸರ್ವರ್‌ನ ಹತ್ತು ಜನ ‘ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ’ ಎಂದು ಅದನ್ನೇ ಬರೆಯುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಕಾಣದೆ. ಮೂಲ ಪೋಸ್ಟಿನ ಕೊಂಡಿ ತೆರೆದು ನೋಡಿ ಉತ್ತರಿಸುವ ಅಭ್ಯಾಸ ಮಾಡಿಸಿ.

ಜಗಳ, ಗಾಳಿಮಾತು

ನೂರು ಜನರಿದ್ದಾಗ ನಿಯಮ ಬೇಡವೆನಿಸುತ್ತದೆ. ಮುನ್ನೂರಾದಾಗ ಬರೆಯಲು ಕೂತರೆ ಪ್ರತಿ ನಿಯಮವೂ ಯಾರೋ ಒಬ್ಬರ ಮೇಲೆ ಬರೆದಂತೆ ಕಾಣುತ್ತದೆ. ಮೊದಲೇ ಬರೆದಿಡಿ, ಸ್ಥೂಲವಾಗಿ ಬೇಡ. ‘ಸುಳ್ಳು ಸುದ್ದಿ ನಿಷೇಧ’ ಎಂಬ ನಿಯಮದಿಂದ ಯಾವ ಮಾಡರೇಟರಿಗೂ ಸಹಾಯವಿಲ್ಲ. ಇಂಥದ್ದು ಬೇಕು: ‘ದರ ಹಾಕುವವರು ಮಾರುಕಟ್ಟೆಯ ಹೆಸರು, ದಿನಾಂಕ, ಬಗೆ (ರಾಶಿ, ಬೆಟ್ಟೆ, ಸರಕು, ಗೊರಬಲು), ಕನಿಷ್ಠ ಮತ್ತು ಗರಿಷ್ಠ ಐದೂ ಬರೆಯಬೇಕು. ಯಾವುದು ಬಿಟ್ಟರೂ ತೆಗೆಯುತ್ತೇವೆ.’ ರಾಶಿಗಿಂತ ಹೆಚ್ಚು ಬೆಲೆಯ ಸರಕಿನ ಗರಿಷ್ಠ ದರವನ್ನು ಬರೀ ‘ಅಡಿಕೆ ದರ’ ಎಂದು ಹಾಕಿದರೆ ರಾಶಿ ಇಟ್ಟುಕೊಂಡವರು ಮಾರುವುದನ್ನೇ ನಿಲ್ಲಿಸಿ ಕೂರುತ್ತಾರೆ. ಸುಳ್ಳು ಹೇಳದೆಯೂ ದಾರಿ ತಪ್ಪಿಸುವುದು ಹೀಗೆ.

ಕ್ರಮಗಳಿಗೆ ಮೆಟ್ಟಿಲಿದೆ: ಎಚ್ಚರಿಕೆ, ಖಾತೆ ತಡೆಹಿಡಿಯುವುದು, ಹಿಂಬಾಲಕರಿಗಷ್ಟೇ ಕಾಣುವಂತೆ ಮಿತಿ ಹಾಕುವುದು, ಅಮಾನತು. ಅಮಾನತಾದ ಖಾತೆಯ ದತ್ತಾಂಶ 30 ದಿನದ ನಂತರ ಅಳಿಯುತ್ತದೆ, ಅಷ್ಟರೊಳಗೆ ಮೇಲ್ಮನವಿ ಕೇಳಿ ಮುಗಿಸಿ. ಬೇರೆ ಸರ್ವರ್‌ಗಳಿಗೂ ಮಿತಿ ಮತ್ತು ಅಮಾನತು ಎರಡೂ ಇವೆ. ಪೂರ್ತಿ ಅಮಾನತು ಮಾಡಿದರೆ ಆ ಕಡೆಯ ಹಿಂಬಾಲಕರೆಲ್ಲ ಕಡಿದುಹೋಗುತ್ತಾರೆ. ಆಮೇಲೆ ಮನಸ್ಸು ಬದಲಾಯಿಸಿದರೂ ಅವರು ತಾವಾಗಿ ಮರಳುವುದಿಲ್ಲ. ಮೊದಲು ಮಿತಿ ಹಾಕಿ, ಒಂದು ವಾರ ನೋಡಿ.

ಕನ್ನಡದ ದೂರುಗಳನ್ನು ಹೊರಗಿನ ಅಡ್ಮಿನ್‌ಗಳಿಗೆ ಓದಲು ಬರುವುದಿಲ್ಲ. ಜಾತಿಯ ಹೆಸರೆತ್ತದೆ ಜಾತಿ ಹಿಡಿದು ಚುಚ್ಚುವ ಮಾತು ಯಂತ್ರಾನುವಾದದಲ್ಲಿ ಸಾಧುವಾಗಿ ಕಾಣುತ್ತದೆ. ದೂರು ಮುಂದೆ ಕಳಿಸುವಾಗ ಎರಡು ಸಾಲು ಇಂಗ್ಲಿಷ್‌ನಲ್ಲಿ ಅರ್ಥ ಬರೆದು ಕಳಿಸಿ, ಇಲ್ಲದಿದ್ದರೆ ಏನೂ ಆಗದು. ಮಾಡರೇಟರುಗಳು ಮೂವರಾದರೂ ಬೇಕು, ಒಂದೇ ಊರಿನವರೂ ಒಂದೇ ನೆಂಟಸ್ತಿಕೆಯವರೂ ಆಗದಿದ್ದರೆ ಒಳ್ಳೆಯದು. ತಮ್ಮ ಬಳಗದವರ ಮೇಲಿನ ದೂರನ್ನು ಇನ್ನೊಬ್ಬರಿಗೆ ಬಿಡಬೇಕೆಂಬುದು ಬರಹದಲ್ಲಿರಲಿ.

ಕಾನೂನು ಮತ್ತು ದುಡ್ಡು

ಸಣ್ಣವರು ಎಂದು ಕಾನೂನು ಬಿಡುವುದಿಲ್ಲ. 50 ಲಕ್ಷ ಬಳಕೆದಾರರ ಮೇಲಿನ ಹೆಚ್ಚುವರಿ ಹೊಣೆಗಳು ನಿಮಗಿಲ್ಲ, ಅಷ್ಟೇ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಸೈಟಿನಲ್ಲಿ ಇರಬೇಕು, ದೂರು ಬಂದ 24 ಗಂಟೆಯೊಳಗೆ ‘ತಲುಪಿತು’ ಎನ್ನಬೇಕು. ತೆಗೆದುಹಾಕುವ ಗಡುವುಗಳು ತಿದ್ದುಪಡಿಯಾಗುತ್ತಿರುತ್ತವೆ, ಚಾಲ್ತಿಯಲ್ಲಿರುವ ಪಠ್ಯವನ್ನೇ ಓದಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಭದ್ರತಾ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು (ಚಟುವಟಿಕೆಯ ದಾಖಲೆ) 180 ದಿನ ಇಡಬೇಕು. ಉಬುಂಟುವಿನಲ್ಲಿ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಲಾಗ್ ಮಾಮೂಲಿಯಾಗಿ 14 ದಿನಕ್ಕೇ ಅಳಿಯುತ್ತದೆ, ಆ ಸಂಖ್ಯೆ ಬದಲಿಸಿ.

ಭದ್ರತೆಯ ತೇಪೆ ಬಂದ ದಿನವೇ ಹಾಕಿ. 2023ರ ಜುಲೈನಲ್ಲಿ ಒಂದು ಮಾಧ್ಯಮ ಕಡತ ಕಳಿಸಿ ಸರ್ವರ್‌ನೊಳಗೇ ನುಗ್ಗಬಹುದಾದ ರಂಧ್ರ ಸಿಕ್ಕಿತ್ತು. ಅಂದು ಅಡ್ಮಿನ್ ಮದುವೆಮನೆಯಲ್ಲಿದ್ದರೂ ಎರಡನೆಯವರು ಹಾಕುವಂತಿರಬೇಕು.

ತಿಂಗಳಿಗೆ 2000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ, ವರ್ಷಕ್ಕೆ 24,000. ವರ್ಷಕ್ಕೆ 300 ರೂಪಾಯಿ ಕೊಡುವ 80 ಜನ ಸಾಕು. ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ನೋಂದಣಿ ಹೆಚ್ಚಿಸಬೇಡಿ. ದುಡ್ಡು ಒಬ್ಬರ ಸ್ವಂತ ಖಾತೆಗೆ ಬಂದರೆ ಇಂದಲ್ಲ ನಾಳೆ ಮಾತು ಬರುತ್ತದೆ. ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಂಡು, ಅದರ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಿರಿ. ಸಹಕಾರಿ ಸಂಘದ ಮಾದರಿಯಲ್ಲೇ ನಡೆಯುವ ಮಾಸ್ಟೊಡಾನ್ ಸರ್ವರ್‌ಗಳೂ ಹೊರಗಿವೆ. ಸೊಸೈಟಿ ನಡೆಸಿ ಗೊತ್ತಿರುವ ನಮ್ಮವರಿಗೆ ಇದು ಹೊಸದೇನಲ್ಲ.

ಬಿಟ್ಟುಹೋಗುವವರು, ಮುಚ್ಚುವುದು

ಸದಸ್ಯರು ಬೇರೆಡೆಗೆ ಹೋಗುವುದಾದರೆ ಕ್ರಮ ಹೇಳಿಕೊಡಿ: ಹೊಸ ಖಾತೆಯಲ್ಲಿ ಮೊದಲು ಹಳೆಯದನ್ನು ಅಲಿಯಾಸ್ ಎಂದು ನಮೂದಿಸಬೇಕು, ಆಮೇಲೆ ಹಳೆಯದರಿಂದ ಸ್ಥಳಾಂತರ. ಹಿಂಬಾಲಕರು ಜೊತೆಗೆ ಬರುತ್ತಾರೆ. ತಾವು ಹಿಂಬಾಲಿಸುವವರ ಪಟ್ಟಿಯನ್ನು ಇಳಿಸಿಕೊಂಡು ಅಲ್ಲಿ ಏರಿಸಬೇಕು. ಪೋಸ್ಟ್‌ಗಳು ಬರುವುದಿಲ್ಲ, ಪ್ರತಿ ಮಾತ್ರ ಇಳಿಸಿಟ್ಟುಕೊಳ್ಳಬಹುದು. ಒಮ್ಮೆ ಹೋದರೆ 30 ದಿನ ಮತ್ತೆ ಸ್ಥಳಾಂತರವಿಲ್ಲ.

ಸರ್ವರನ್ನೇ ಮುಚ್ಚುವುದಾದರೆ ಮೂರು ತಿಂಗಳ ಮೊದಲು ಹೇಳಿ, ಮೊದಲ ದಿನವೇ ಹೊಸ ನೋಂದಣಿ ನಿಲ್ಲಿಸಿ. ಎಲ್ಲರೂ ಹೋದ ಮೇಲೆ ಟೂಟ್‌ಸಿಟಿಎಲ್‌ನ ಸ್ವಯಂನಾಶದ ಆಜ್ಞೆ ಕೊಡಿ. ಅದು ‘ನಮ್ಮವರ ಖಾತೆಗಳನ್ನು ಅಳಿಸಿ’ ಎಂದು ಪರಿಚಯದ ಎಲ್ಲ ಸರ್ವರ್‌ಗಳಿಗೂ ಹೇಳಿಕಳಿಸುತ್ತದೆ. ಸೈಡ್‌ಕಿಕ್‌ನ ಸಾಲು ಪೂರ್ತಿ ಖಾಲಿಯಾಗುವವರೆಗೆ, ದಿನಗಳೇ ಹಿಡಿದರೂ, ಯಂತ್ರ ನಿಲ್ಲಿಸಬೇಡಿ. ಆಮೇಲೆ ಬಾಡಿಗೆ ಬಿಡಬಹುದು. ಡೊಮೈನ್ ಹೆಸರನ್ನು ಮಾತ್ರ ಇನ್ನೆರಡು ವರ್ಷ ನವೀಕರಿಸುತ್ತಿರಿ, ನಿಮ್ಮ ಸದಸ್ಯರ ವಿಳಾಸಗಳನ್ನು ಬೇರೆ ಯಾರೋ ಕೊಂಡು ಕೂರದಿರಲಿ.